ಐದು ಮನೆಯ ಇಂಗ್ಲಿಷ್: ವರ್ಡಲ್ ಆಟ ಮತ್ತು ಪದಪಟ್ಟಿ ತಾಣಗಳ ವಿಮರ್ಶೆ, ಕಾರವಾರದ ಕನ್ನಡ ಮಾಧ್ಯಮದ ಮಕ್ಕಳಿಗಾಗಿ

ಇಂಗ್ಲಿಷ್ ಸ್ಪೆಲಿಂಗ್ ಎಂದರೆ ಹಿಂಜರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂದು ಖರ್ಚಿಲ್ಲದೆ ಸಿಗುವ ಸಾಧನಗಳಲ್ಲಿ, ಅಂತರ್ಜಾಲದಲ್ಲಿ ದಿನಕ್ಕೊಂದು ಗುಪ್ತಪದ ಊಹಿಸುವ ವರ್ಡಲ್ ಆಟದಷ್ಟು ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ಅದರ ಬೆನ್ನಿಗೇ ಬಳಕೆಗೆ ಬಂದಿರುವ ಪದಪಟ್ಟಿ ತಾಣಗಳ ಬಗ್ಗೆ ಮಾತ್ರ ಅಷ್ಟೇ ಧೈರ್ಯದಿಂದ ಹೇಳಲಾರೆ. ‘ಐದಕ್ಷರದ ಪದ ಬೇಕು, ಮೂರನೆಯದು ಎ ಇರಬೇಕು, ಕೊನೆಯದು ಇ ಇರಬೇಕು’ ಎಂದು ಕೇಳಿದರೆ ಕ್ಷಣದಲ್ಲಿ ಉದ್ದದ ಪಟ್ಟಿ ಕೊಡುವ ತಾಣಗಳು ಇವು. ಮಕ್ಕಳ ಕೈಯಲ್ಲಿ ಆಟವೂ ಪಟ್ಟಿಯೂ ಒಟ್ಟಿಗೇ ಇರುವುದರಿಂದ ಎರಡನ್ನೂ ಸೇರಿಸಿಯೇ ಇಲ್ಲಿ ಪರಿಶೀಲಿಸುತ್ತಿದ್ದೇನೆ. ಪದಪಟ್ಟಿಯ ಬೆಲೆ ಅದರ ಉದ್ದದಲ್ಲಿಲ್ಲ, ಅದನ್ನು ಯಾರು ಎಷ್ಟು ಶ್ರದ್ಧೆಯಿಂದ ಸೋಸಿದ್ದಾರೆ ಎಂಬುದರಲ್ಲಿದೆ ಎಂಬ ನನ್ನ ಅಭಿಪ್ರಾಯಕ್ಕೆ ಆಧಾರವೇನು ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಕಾರವಾರದಲ್ಲಿ ನಾನು ಸಂಜೆ ಹೊತ್ತು ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇವರಲ್ಲಿ ಅನೇಕರ ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ಇಂಗ್ಲಿಷ್ ಮೂರನೆಯದಾಗಿ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಭೌತಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಇಂಗ್ಲಿಷಿನಲ್ಲೇ ಓದಿ ಬರೆಯಬೇಕಾಗುವುದರಿಂದ, ಹತ್ತನೆಯ ತರಗತಿಯೊಳಗೆ ಒಂದಷ್ಟು ಪದಗಳು ಸ್ಪೆಲಿಂಗ್ ಸಮೇತ ಕೈವಶವಾಗಿರಬೇಕು ಎಂಬುದು ಪಾಲಕರ ಆತಂಕವೂ ಹೌದು, ನನ್ನ ಆತಂಕವೂ ಹೌದು. ಪದಗಳನ್ನು ಹತ್ತು ಹತ್ತು ಸಲ ಬರೆಸುವ ಹಳೆಯ ಪದ್ಧತಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ಅದರಿಂದ ಬಾರದ ಒಂದು ತಿಳಿವಳಿಕೆ ಈ ಆಟದಿಂದ ಬರುತ್ತದೆ.

ಆಟದ ನಿಯಮ ಸರಳವಾಗಿದೆ. ದಿನಕ್ಕೆ ಒಂದೇ ಗುಪ್ತಪದ, ಅದಕ್ಕೆ ಐದೇ ಅಕ್ಷರ, ಕಂಡುಹಿಡಿಯಲು ಆರು ಅವಕಾಶ. ನಾವು ಬರೆದ ಪದದಲ್ಲಿ ಯಾವ ಅಕ್ಷರ ಸರಿಯಾದ ಜಾಗದಲ್ಲಿದೆಯೋ ಆ ಚೌಕ ಹಸಿರಾಗುತ್ತದೆ. ಅಕ್ಷರ ಪದದಲ್ಲಿದ್ದು ಜಾಗ ತಪ್ಪಿದ್ದರೆ ಹಳದಿ. ಪದದಲ್ಲೇ ಇಲ್ಲದಿದ್ದರೆ ಬೂದು. ಸುಮ್ಮನೆ ಅಕ್ಷರಗಳನ್ನು ಗುಡ್ಡೆಹಾಕಿದರೆ ಆಟ ಸ್ವೀಕರಿಸುವುದಿಲ್ಲ. ಬರೆದದ್ದು ನಿಘಂಟಿನಲ್ಲಿರುವ ಪದವೇ ಆಗಿರಬೇಕು. ಮಧ್ಯರಾತ್ರಿ ದಾಟಿದೊಡನೆ ನಮ್ಮ ಗಡಿಯಾರದ ಪ್ರಕಾರವೇ ಹೊಸ ಪದ ಬರುತ್ತದೆ.

ಈ ಚೌಕಗಳನ್ನು ಮಕ್ಕಳು ‘ಮನೆ’ ಎನ್ನುತ್ತಾರೆ, ಚೌಕಾಬಾರದ ಮನೆಗಳ ಹಾಗೆ. ಐದೇ ಮನೆ ಎಂಬ ಈ ಕಟ್ಟುಪಾಡಿನಲ್ಲೇ ಆಟದ ಅರ್ಧ ಪಾಠ ಅಡಗಿದೆ. ಬೈತಖೋಲ ಬಂದರಿನ ಕಡೆಯಿಂದ ಬರುವ, ಮೀನುಗಾರರ ಮನೆಯ ಒಬ್ಬ ಹುಡುಗಿ ಸೀಗಡಿಯ ಇಂಗ್ಲಿಷ್ ಹೆಸರನ್ನು ಮೊದಲ ಊಹೆಯಾಗಿ ಬರೆಯಲು ಹೊರಟಳು. ಕೇಳಿದ ಉಚ್ಚಾರದಂತೆ ಪಿ, ಆರ್, ಎ, ಎನ್ ಎಂದು ಬರೆದು, ‘ಸರ್, ಒಂದು ಮನೆ ಖಾಲಿ ಉಳೀತಲ್ಲ’ ಎಂದು ನನ್ನ ಮುಖ ನೋಡಿದಳು. ಅಕ್ಷರ ಬಿಟ್ಟುಹೋಗಿದೆ ಎಂದು ನಾನು ಹೇಳಬೇಕಾಗಲಿಲ್ಲ. ಖಾಲಿ ಮನೆಯೇ ಹೇಳಿತು. ಪಕ್ಕದವಳು ಕೊನೆಯಲ್ಲಿ ಇ ಇರಬಹುದೇ ಎಂದಳು, ಇನ್ನೊಬ್ಬ ಎರಡು ಎ ಇರಬಹುದು ಎಂದ. ಕಡೆಗೆ ‘ಲಾನ್’, ‘ಡಾನ್’ ಪದಗಳಲ್ಲಿ ಎ ಮತ್ತು ಎನ್ ನಡುವೆ ಡಬ್ಲ್ಯೂ ಕೂರುವುದು ನೆನಪಾಗಿ ಅವಳೇ ಅದನ್ನು ತುಂಬಿಸಿದಳು. ಹತ್ತು ಸಲ ಬರೆಸಿದ್ದರೆ ಆ ಡಬ್ಲ್ಯೂ ಕೈಗೆ ಬರುತ್ತಿತ್ತೇ ಹೊರತು, ಅದು ಯಾವ ಪದಗಳ ಬಳಗಕ್ಕೆ ಸೇರಿದೆ ಎಂಬುದು ತಲೆಗೆ ಬರುತ್ತಿರಲಿಲ್ಲ.

ಕನ್ನಡ ಲಿಪಿಯಲ್ಲಿ ಓದಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಆ ಅಭ್ಯಾಸದಿಂದ ಬಂದವರಿಗೆ ಇಂಗ್ಲಿಷಿನ ಮೂಕ ಅಕ್ಷರಗಳು ಅನ್ಯಾಯದಂತೆ ತೋರುವುದು ಸಹಜ. ‘ನೈಫ್’, ‘ನೀಲ್’, ‘ನಾಕ್’, ‘ನೋನ್’ ಎಂದು ಕನ್ನಡದಲ್ಲಿ ಬರೆದರೆ ಮೊದಲಿಗೆ ನಿಂತಿರುವ ಕೆ ಎಲ್ಲಿಯೂ ಕಾಣುವುದಿಲ್ಲ. ‘ರೈಟ್’, ‘ರಾಂಗ್’, ‘ರಿಸ್ಟ್’, ‘ರೆಕ್’ ಎಂದು ಬರೆದರೆ ಡಬ್ಲ್ಯೂ ಮಾಯವಾಗುತ್ತದೆ. ಇವೆಲ್ಲ ಐದಕ್ಷರದ ಪದಗಳೇ. ಕೆ-ಎನ್ ಎಂದು ಶುರುವಾಗುವ ಐದಕ್ಷರದ ಪದಗಳನ್ನಷ್ಟೇ ಒಂದು ಸಾಲಿನಲ್ಲಿ, ಡಬ್ಲ್ಯೂ-ಆರ್ ಎಂದು ಶುರುವಾಗುವವನ್ನು ಇನ್ನೊಂದು ಸಾಲಿನಲ್ಲಿ ಕಂಡಾಗ, ಇವು ಬಿಡಿಬಿಡಿ ಅಪವಾದಗಳಲ್ಲ, ಎಣಿಸಿ ಮುಗಿಸಬಹುದಾದ ಚಿಕ್ಕ ಗುಂಪುಗಳು ಎಂದು ಮಕ್ಕಳಿಗೆ ಸಮಾಧಾನವಾಗುತ್ತದೆ. ಎ, ಇ, ಐ, ಒ, ಯು ಐದರಲ್ಲಿ ಒಂದೂ ಇಲ್ಲದ ‘ಕ್ರಿಪ್ಟ್’, ‘ನಿಂಫ್’, ‘ಟ್ರಿಸ್ಟ್’ ಮುಂತಾದ ಪದಗಳೂ ಹೀಗೇ ಒಂದು ಗುಂಪು. ಅಲ್ಲೆಲ್ಲ ಸ್ವರದ ಕೆಲಸವನ್ನು ವೈ ಮಾಡುತ್ತದೆ.

ಕೊನೆಯ ಇ ಅಕ್ಷರದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ವರ್ಡಲ್‌ನ ಮೂಲ ಉತ್ತರಪಟ್ಟಿಯಲ್ಲಿ, ಅಂದರೆ ಗುಪ್ತಪದಗಳಾಗಿ ಬರಲು ಆರಿಸಿಟ್ಟ ಪದಗಳಲ್ಲಿ, ಮೂರರಲ್ಲೊಂದು ಪದ ಇ ಅಥವಾ ವೈ ಅಕ್ಷರದಿಂದ ಮುಗಿಯುತ್ತದೆ. ಈ ಇ ಬಹುಪಾಲು ಉಚ್ಚಾರವಾಗುವುದಿಲ್ಲ. ಆದರೆ ಅದಿಲ್ಲದಿದ್ದರೆ ಹಿಂದಿನ ಸ್ವರವೇ ಬದಲಾಗಿಬಿಡುತ್ತದೆ. ‘ಪ್ಲ್ಯಾನ್’ ಎಂಬ ನಾಲ್ಕಕ್ಷರದ ಪದಕ್ಕೆ ಇ ಸೇರಿದರೆ ‘ಪ್ಲೇನ್’, ‘ಟ್ವಿನ್’ ಇದ್ದದ್ದು ‘ಟ್ವೈನ್’, ‘ಗ್ರಿಮ್’ ಇದ್ದದ್ದು ‘ಗ್ರೈಮ್’, ‘ಗ್ಲಾಬ್’ ಇದ್ದದ್ದು ‘ಗ್ಲೋಬ್’. ಐದಕ್ಷರದ, ಇ ಕೊನೆಯ ಪದಗಳನ್ನು ಪಟ್ಟಿಯಿಂದ ತೆಗೆದು, ಅವುಗಳಲ್ಲಿ ಇ ಕಳೆದರೂ ಪದವಾಗಿಯೇ ಉಳಿಯುವವು ಯಾವುವು ಎಂದು ಮಕ್ಕಳಿಂದ ಆರಿಸಿಸಿದರೆ ಒಂದು ಸಂಜೆಯಲ್ಲಿ ವ್ಯಾಕರಣ ಪುಸ್ತಕದ ಒಂದು ನಿಯಮ ಅವರ ಕೈಯಿಂದಲೇ ಮೂಡಿಬರುತ್ತದೆ. ಉದ್ದವನ್ನೂ ಒಂದೆರಡು ಅಕ್ಷರಗಳನ್ನೂ ಗೊತ್ತುಮಾಡಿಕೊಂಡು ಪದಗಳನ್ನು ನೋಡುವುದರ ಲಾಭ ಇಲ್ಲಿದೆ.

ಇನ್ನು ಸೋಸುವಿಕೆಯ ವಿಷಯ. ವರ್ಡಲ್ ಅನ್ನು ರೂಪಿಸಿದವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ವೇಲ್ಸ್ ಮೂಲದ ಸಾಫ್ಟ್‌ವೇರ್ ಇಂಜಿನಿಯರ್ ಜೋಶ್ ವಾರ್ಡಲ್. ಪದದಾಟಗಳನ್ನು ಇಷ್ಟಪಡುತ್ತಿದ್ದ ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ ಅದನ್ನು ಮಾಡಿ, 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದರು. ನವೆಂಬರ್ 1ರಂದು 90 ಮಂದಿ ಆಡಿದ್ದರು. ಎರಡು ತಿಂಗಳು ಕಳೆದು ಹೊಸ ವರ್ಷ ಬರುವಷ್ಟರಲ್ಲಿ ಆ ಸಂಖ್ಯೆ 3 ಲಕ್ಷ ದಾಟಿತ್ತು. 2022ರ ಜನವರಿ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಈ ಪ್ರಸಿದ್ಧಿಯ ಕಥೆಗಿಂತ ನನಗೆ ಮುಖ್ಯವೆನಿಸುವುದು ಪಲಕ್ ಶಾ ಮಾಡಿದ ಕೆಲಸ. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 13 ಸಾವಿರ ಇವೆ. ಅವರು ಅವನ್ನೆಲ್ಲ ಒಂದೊಂದಾಗಿ ನೋಡಿ, ಗೊತ್ತಿರುವುದು, ಗೊತ್ತಿರಬಹುದಾದದ್ದು, ಗೊತ್ತಿಲ್ಲದ್ದು ಎಂದು ಬೇರ್ಪಡಿಸಿದರು. ಹಾಗೆ ಸೋಸಿದ ಮೇಲೆ ಉತ್ತರವಾಗಿ ಬರಲು ಯೋಗ್ಯವೆಂದು ಉಳಿದದ್ದು 2,300ರ ಆಸುಪಾಸು. ಮಿಕ್ಕ ಹತ್ತು ಸಾವಿರಕ್ಕೂ ಹೆಚ್ಚು ಪದಗಳನ್ನು ಊಹೆಯಾಗಿ ಬರೆಯಬಹುದಿತ್ತು, ಆದರೆ ಅವು ಉತ್ತರವಾಗಿ ಬಂದು ಯಾರನ್ನೂ ಕಂಗೆಡಿಸುತ್ತಿರಲಿಲ್ಲ.

ಸೋಸಿದ್ದರಿಂದ ಪಟ್ಟಿಯ ಸ್ವಭಾವವೇ ಹೇಗೆ ಬದಲಾಯಿತು ಎಂಬುದನ್ನು ಎಸ್ ಅಕ್ಷರವೊಂದನ್ನು ಹಿಡಿದು ನೋಡಬಹುದು. ಆ 13 ಸಾವಿರದ ದೊಡ್ಡ ಪಟ್ಟಿಯಲ್ಲಿ ಎಸ್ ಮತ್ತು ಇ ಹೆಚ್ಚುಕಡಿಮೆ ಸರಿಸಮನಾಗಿ ಮೊದಲ ಸ್ಥಾನದಲ್ಲಿವೆ. ಕಾರಣ ಸ್ಪಷ್ಟ: ನಾಲ್ಕಕ್ಷರದ ಹೆಚ್ಚಿನ ನಾಮಪದಗಳಿಗೆ ಎಸ್ ಹಚ್ಚಿದರೆ ಐದಕ್ಷರದ ಬಹುವಚನ ಸಿದ್ಧವಾಗುತ್ತದೆ. ಇಂಥ ಬರೀ ಎಸ್ ಹಚ್ಚಿದ ಬಹುವಚನಗಳನ್ನು ಉತ್ತರಪಟ್ಟಿಯಿಂದ ಹೊರಗಿಟ್ಟಾಗ ಇ, ಎ, ಆರ್, ಒ, ಟಿ, ಎಲ್, ಐ ಇವೆಲ್ಲ ಮುಂದೆ ಹೋಗಿ, ಎಸ್ ಎಂಟನೆಯ ಸ್ಥಾನಕ್ಕೆ ಇಳಿಯಿತು. ಆದರೂ ಪದದ ಮೊದಲಕ್ಷರವಾಗಿ ಎಸ್‌ಗೆ ಸಾಟಿಯಿಲ್ಲ. ಉತ್ತರಪಟ್ಟಿಯ ಆರರಲ್ಲೊಂದು ಪದ ಎಸ್‌ನಿಂದಲೇ ಆರಂಭವಾಗುತ್ತದೆ. ಯಂತ್ರ ಕೂಡಿಸಿದ ಪಟ್ಟಿಗೂ ಮನುಷ್ಯರು ಸೋಸಿದ ಪಟ್ಟಿಗೂ ಇರುವ ಅಂತರ ಇಷ್ಟು ದೊಡ್ಡದು. ಕಲಿಯುವ ಮಕ್ಕಳಿಗೆ ಬೇಕಾದದ್ದು ಎರಡನೆಯದು.

ಮೊದಲ ಊಹೆ ಯಾವುದಿರಬೇಕು ಎಂಬ ಬಗ್ಗೆ ದೊಡ್ಡವರೂ ವಾದ ಮಾಡುತ್ತಾರೆ. ನಾಲ್ಕು ಸ್ವರಗಳು ಒಟ್ಟಿಗೇ ಸಿಗುತ್ತವೆಂದು ‘ಅಡ್ಯೂ’ ಎಂಬ ಪದವನ್ನು, ಅಂದರೆ ಎ-ಡಿ-ಐ-ಇ-ಯು, ಬರೆಯುವವರೇ ಹೆಚ್ಚು ಎಂದು ನ್ಯೂಯಾರ್ಕ್ ಟೈಮ್ಸ್ ತಾನೇ ಪ್ರಕಟಿಸಿದೆ. ಆದರೆ ಜನಪ್ರಿಯ ಆರಂಭಗಳಲ್ಲಿ ಅದು ಪರಿಣಾಮಕಾರಿಯಲ್ಲ ಎಂದೂ ಹೇಳಿದೆ. ಅದೇ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ತಂದ ವರ್ಡಲ್‌ಬಾಟ್ ಎಂಬ ವಿಶ್ಲೇಷಕ ಮೊದಲು ‘ಕ್ರೇನ್’ ಪದವನ್ನು, ಮುಂದೆ ‘ಸ್ಲೇಟ್’ ಪದವನ್ನು ಶಿಫಾರಸು ಮಾಡಿತು. ಸ್ವರಗಳು ಬಹುತೇಕ ಎಲ್ಲ ಪದಗಳಲ್ಲೂ ಇರುವುದರಿಂದ ಅವು ಸಿಕ್ಕರೂ ಆಯ್ಕೆ ಹೆಚ್ಚು ಕಿರಿದಾಗುವುದಿಲ್ಲ. ಶಿರಸಿಯಲ್ಲಿ ಮನೆಯ ಗುರುತು ಕೇಳಿದವರಿಗೆ ಅಡಿಕೆ ತೋಟದ ಪಕ್ಕ ಎಂದು ಹೇಳಿದ ಹಾಗೆ ಅದು. ಗುರುತು ಹಿಡಿಸುವುದು ಎಸ್, ಎಲ್, ಟಿ, ಆರ್, ಎನ್ ಮೊದಲಾದ ವ್ಯಂಜನಗಳು, ಅದರಲ್ಲೂ ಅವು ಕೂಡುವ ರೀತಿ. ಎಸ್ ಮೊದಲು, ಎ ಮೂರನೆಯದು, ಇ ಕೊನೆಯದು ಎಂದು ಹಸಿರಾದರೆ ಉಳಿದ ಎರಡು ಮನೆಗಳಲ್ಲಿ ಏನೇನು ಕೂರಬಹುದು ಎಂದು ಮಕ್ಕಳನ್ನು ಕೇಳಿ ನೋಡಿ: ಶೇಕ್, ಶೇಪ್, ಶೇರ್, ಸ್ಕೇಟ್, ಸ್ಕೇಲ್, ಸ್ನೇಕ್, ಸ್ಪೇಸ್, ಸ್ಪೇಡ್, ಸ್ಟೇಜ್, ಸ್ಟೇಲ್ ಎಂದು ಹೇಳುತ್ತ ಹೇಳುತ್ತ, ಎಸ್ ಪಕ್ಕದಲ್ಲಿ ಎಚ್, ಕೆ, ಸಿ, ಎಲ್, ಎನ್, ಪಿ, ಟಿ ಬರಬಹುದು, ಬಿ, ಡಿ, ಜಿ ಬರುವುದಿಲ್ಲ ಎಂದು ಅವರೇ ಕಂಡುಕೊಳ್ಳುತ್ತಾರೆ.

ಈ ಆಟದ ಅತ್ಯಂತ ಕಷ್ಟದ ಜಾಗವೂ ಒಂದೇ ಬಗೆಯ ಪದಗಳ ಗುಂಪಿನಲ್ಲೇ ಇದೆ. ‘ಲೈಟ್’ ಎಂದು ಬರೆದಿದ್ದೀರಿ, ಮೊದಲ ಎಲ್ ಒಂದು ಬಿಟ್ಟು ಐ-ಜಿ-ಎಚ್-ಟಿ ನಾಲ್ಕೂ ಹಸಿರಾದವು ಎಂದುಕೊಳ್ಳಿ. ಮಕ್ಕಳು ಗೆದ್ದೆವೆಂದು ಕೂಗುವುದು ಇಲ್ಲಿಯೇ. ಆದರೆ ಏಟ್, ಫೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಎಂದು ದಿನಬಳಕೆಯ ಇನ್ನೂ ಏಳು ಪದಗಳು ಅದೇ ಅಚ್ಚಿನವು, ಏಳೂ ಉತ್ತರಪಟ್ಟಿಯಲ್ಲಿವೆ, ಉಳಿದ ಅವಕಾಶ ಐದು ಮಾತ್ರ. ಒಂದಾದ ಮೇಲೊಂದು ಬರೆಯುತ್ತ ಹೋದರೆ ಸೋಲುವ ಸಂಭವವಿದೆ. ಇಲ್ಲಿ ಉತ್ತರವಾಗಲಾರದ ಒಂದು ಪದವನ್ನು ಬೇಕೆಂದೇ ಬರೆಯಬೇಕು. ‘ಟರ್ಮ್ಸ್’ ಎಂಬುದನ್ನು ತೆಗೆದುಕೊಳ್ಳಿ: ಟಿ, ಇ, ಆರ್, ಎಮ್, ಎಸ್. ಟಿ ಹಸಿರಾದರೆ ಉತ್ತರ ಟೈಟ್. ಇ ಹಳದಿಯಾದರೆ ಏಟ್. ಆರ್ ಹಳದಿಯಾದರೆ ರೈಟ್. ಎಮ್ ಆದರೆ ಮೈಟ್. ಎಸ್ ಆದರೆ ಸೈಟ್. ಕೊನೆಯ ಮನೆಯಲ್ಲಿ ಟಿ ಇದ್ದೇ ಇರುವುದರಿಂದ ಟಿ ಒಂದೇ ಹಳದಿಯಾಗಿ, ಉಳಿದ ನಾಲ್ಕೂ ಬೂದಾದರೆ ಈ ಏಳರಲ್ಲಿ ಮಿಕ್ಕವು ಫೈಟ್ ಮತ್ತು ನೈಟ್ ಎರಡೇ. ಉತ್ತರ ಈ ಏಳರಲ್ಲಿ ಒಂದಾಗಿದ್ದರೆ, ಎರಡನೆಯ ಊಹೆಯನ್ನು ಹೀಗೆ ಖರ್ಚುಮಾಡಿದವರು ಹೆಚ್ಚೆಂದರೆ ನಾಲ್ಕನೆಯ ಸಾಲಿನಲ್ಲಿ ಗೆದ್ದೇ ಗೆಲ್ಲುತ್ತಾರೆ. ಗಣಿತದ ಮೇಷ್ಟರೊಬ್ಬರಿಗೆ ಇದನ್ನು ತೋರಿಸಿದಾಗ, ಸಾಧ್ಯತೆಗಳನ್ನು ಒಂದೊಂದಾಗಿ ಕಳೆಯುವ ತರ್ಕವನ್ನು ಇದಕ್ಕಿಂತ ಚೆನ್ನಾಗಿ ಎಂಟನೆಯ ತರಗತಿಗೆ ಹೇಳಲು ಬಾರದು ಎಂದರು. ಅವರ ಮಾತನ್ನು ನಾನು ಒಪ್ಪುತ್ತೇನೆ.

ಆಟದ ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್ ಮೋಡ್’ ಎಂಬ ಆಯ್ಕೆಯೊಂದಿದೆ. ಅದನ್ನು ಒತ್ತಿದರೆ ಸಿಕ್ಕ ಸುಳಿವುಗಳನ್ನು ಮುಂದಿನ ಊಹೆಯಲ್ಲಿ ಬಳಸಲೇಬೇಕಾದ್ದರಿಂದ ಮೇಲೆ ಹೇಳಿದ ಉಪಾಯಕ್ಕೆ ಅವಕಾಶವಿರುವುದಿಲ್ಲ. ಹೆಸರು ಕೇಳಿ ಅದೇ ಶ್ರೇಷ್ಠವೆಂದು ಮಕ್ಕಳು ಅದರ ಕಡೆಗೆ ಹೋಗುತ್ತಾರೆ. ನನ್ನ ಸಲಹೆ, ಹೊಸಬರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಯೋಚಿಸಿ ಒಂದು ಊಹೆಯನ್ನು ತ್ಯಾಗಮಾಡುವ ಜಾಣತನವನ್ನು ಕಲಿತ ಮೇಲೆ ಬೇಕಾದರೆ ಆಡಬಹುದು.

ಎರಡು ಸಲ ಬರುವ ಅಕ್ಷರಗಳ ವಿಷಯದಲ್ಲಿ ಆಟದ ವಿವರಣೆ ಸಾಲದು ಎಂಬುದು ನನ್ನ ದೂರು. ನಿಯಮ ತರ್ಕಬದ್ಧವಾಗಿಯೇ ಇದೆ, ಆದರೆ ಅದನ್ನು ಯಾರಾದರೂ ಬಿಡಿಸಿ ಹೇಳಬೇಕು. ಉತ್ತರ ವೀಳ್ಯದೆಲೆಯ ‘ಬೀಟಲ್’ ಎಂದಿಟ್ಟುಕೊಳ್ಳಿ: ಬಿ, ಇ, ಟಿ, ಇ, ಎಲ್. ನೀವು ‘ಲೆವಿ’ ಎಂದು ಮೂರು ಇ ಇರುವ ಪದ ಬರೆದಿರಿ: ಎಲ್, ಇ, ವಿ, ಇ, ಇ. ಆಗ ಎಲ್ ಹಳದಿಯಾಗುತ್ತದೆ, ಎರಡನೆಯ ಮತ್ತು ನಾಲ್ಕನೆಯ ಮನೆಯ ಇ ಹಸಿರಾಗುತ್ತವೆ, ಆದರೆ ಐದನೆಯ ಮನೆಯ ಇ ಬೂದಾಗಿಯೇ ಉಳಿಯುತ್ತದೆ. ಉತ್ತರದಲ್ಲಿ ಇರುವುದು ಎರಡೇ ಇ, ಎರಡೂ ಲೆಕ್ಕಕ್ಕೆ ಬಂದಾಯಿತು, ಮೂರನೆಯದಕ್ಕೆ ಬಣ್ಣವಿಲ್ಲ. ಇದನ್ನು ತಿಳಿಯದ ಮಕ್ಕಳು ‘ಇ ಇದೆ ಎಂದೂ ಹೇಳುತ್ತದೆ, ಇಲ್ಲ ಎಂದೂ ಹೇಳುತ್ತದೆ’ ಎಂದು ಬೇಸತ್ತು ಆಟ ಬಿಟ್ಟುಬಿಡುತ್ತಾರೆ.

ವೀಳ್ಯದೆಲೆಯ ಈ ಪದ ಮೂಲ ಉತ್ತರಪಟ್ಟಿಯಲ್ಲೇ ಇದೆ. ಮಾವಿನ ‘ಮ್ಯಾಂಗೊ’ ಕೂಡ ಇದೆ. ನಮ್ಮ ಘಟ್ಟದ ಮೇಲಿನ ಅಡಿಕೆಯ ‘ಅರೀಕ’, ಕೊಬ್ಬರಿಯ ‘ಕೊಪ್ರ’, ಹಾಗೆಯೇ ‘ಧೋತಿ’, ‘ತಾಲುಕ್’, ‘ಕ್ರೋರ್’ ಇವೆಲ್ಲ ಐದಕ್ಷರದವೇ ಆಗಿದ್ದು ಊಹೆಯಾಗಿ ಸಲ್ಲುವ ದೊಡ್ಡ ಪಟ್ಟಿಯ ಪದಗಳು. ತಮ್ಮ ಊರಿನ ಬದುಕಿನ ವಸ್ತುಗಳು ಇಂಗ್ಲಿಷ್ ನಿಘಂಟಿನಲ್ಲಿ ಅಕ್ಷರ ಬದಲಿಸಿಕೊಂಡು ಕೂತಿರುವುದನ್ನು ಕಂಡಾಗ ಮಕ್ಕಳ ಉತ್ಸಾಹ ಹೆಚ್ಚುತ್ತದೆ. ಕರಾವಳಿಯ ಮಕ್ಕಳಿಗೆ ಐದಕ್ಷರದ ಪದಗಳು ಬೇಕೆಂದರೆ ಓಶನ್, ಕೋಸ್ಟ್, ಬೀಚ್, ಕೋರಲ್, ಸ್ಕ್ವಿಡ್, ಕನೂ ಎಂದು ಕಣ್ಣೆದುರಿನ ಸಮುದ್ರವೇ ಒದಗಿಸುತ್ತದೆ. ಐ-ಜಿ-ಎಚ್-ಟಿ ಗುಂಪಿನಲ್ಲೇ ಬಿ ಯಿಂದ ಆರಂಭವಾಗುವ ‘ಬೈಟ್’ ಎಂಬ ಪದವೊಂದಿದೆ. ಕರಾವಳಿಯ ಬಾಗಿದ ಅಂಚಿಗೆ, ಆ ಬಾಗಿನ ಒಳಗಿನ ನೀರಿಗೆ ಆ ಹೆಸರು. ಅದು ಉತ್ತರಪಟ್ಟಿಯಲ್ಲಿರಲಿಲ್ಲ, ಆದರೆ ಟಾಗೋರ್ ಕಡಲತೀರದಲ್ಲಿ ನಿಂತು ಬೈತಖೋಲದ ಕಡೆಗೆ ನೋಡಿದವರಿಗೆ ಅದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಪದಪಟ್ಟಿ ತಾಣಗಳಿಗೆ ಬರುತ್ತೇನೆ. ಇವುಗಳಲ್ಲಿ ಬಹುಪಾಲು, ಅಕ್ಷರದ ಬಿಲ್ಲೆಗಳಿಂದ ಮಣೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಟದವರಿಗಾಗಿ ಸಿದ್ಧವಾದ ದೊಡ್ಡ ಪಟ್ಟಿಗಳ ಮೇಲೆ ನಿಂತಿವೆ. ಉದ್ದ ಹೇಳಿ, ಗೊತ್ತಿರುವ ಅಕ್ಷರ ಹೇಳಿ, ಇರಬಾರದ ಅಕ್ಷರ ಹೇಳಿ, ಗುಂಡಿ ಒತ್ತಿದರೆ ಪಟ್ಟಿ ಬರುತ್ತದೆ. ವೇಗದಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಪಟ್ಟಿಯ ಒಳಗೆ. ‘ಶೇಕ್’, ‘ಸ್ಪೇಸ್’ ಪದಗಳ ಸಾಲಿನಲ್ಲೇ ಇಂಗ್ಲಿಷ್ ಮಾತೃಭಾಷೆಯವರೂ ಜನ್ಮದಲ್ಲಿ ಬಳಸದ ಪದಗಳು ಅದೇ ಅಕ್ಷರಗಾತ್ರದಲ್ಲಿ ಕೂತಿರುತ್ತವೆ. ಯಾವುದು ದಿನಬಳಕೆಯದು, ಯಾವುದು ಪ್ರಾಣಿಶಾಸ್ತ್ರದ ಮೂಲೆಯದು ಎಂಬ ಸೂಚನೆಯೇ ಇರುವುದಿಲ್ಲ. ಅನೇಕ ತಾಣಗಳಲ್ಲಿ ಅರ್ಥವೂ ಇಲ್ಲ. ಜೊತೆಗೆ ಪುಟದ ತುಂಬ ಜಾಹೀರಾತು. ಪಿಯುಸಿಗೆ ಪದಸಂಪತ್ತು ಬೆಳೆಸಿಕೊಳ್ಳಲೆಂದು ಇಂಥ ಪಟ್ಟಿಯನ್ನು ಮುದ್ರಿಸಿಕೊಂಡು ಬಾಯಿಪಾಠ ಮಾಡುವ ಮಕ್ಕಳನ್ನು ನಾನು ಕಂಡಿದ್ದೇನೆ. ಅವರ ಶ್ರಮ ನೋಡಿ ಸಂಕಟವಾಗುತ್ತದೆ, ಏಕೆಂದರೆ ಅದರಲ್ಲಿ ಬಹುಪಾಲು ಮುಂದೆಂದೂ ಅವರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುತ್ತಿಲ್ಲ. ಒನ್‌ಲುಕ್ ಎಂಬ ನಿಘಂಟು ಶೋಧಕ ಈ ಕೆಲಸಕ್ಕೆ ನನಗೆ ಹೆಚ್ಚು ಹಿಡಿಸಿದೆ. ಗೊತ್ತಿಲ್ಲದ ಪ್ರತಿಯೊಂದು ಅಕ್ಷರಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ, ಎಷ್ಟು ಅಕ್ಷರ ಎಂಬುದೇ ಗೊತ್ತಿಲ್ಲದಿದ್ದರೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಸಾಕು. ಸಿಕ್ಕ ಪದವನ್ನು ಒತ್ತಿದರೆ ಅರ್ಥ ಕೊಡುವ ನಿಘಂಟುಗಳ ಕಡೆಗೆ ದಾರಿ ತೋರಿಸುತ್ತದೆ. ಪದದಿಂದ ಅರ್ಥಕ್ಕೆ ಒಂದೇ ಹೆಜ್ಜೆ ಇರುವುದು ಕಲಿಯುವವರಿಗೆ ದೊಡ್ಡ ಅನುಕೂಲ. ನಾನು ಮಕ್ಕಳಿಗೆ ಹಾಕಿರುವ ಷರತ್ತು ಒಂದೇ: ಆಟ ಮುಗಿಯುವವರೆಗೆ ಯಾವ ಪಟ್ಟಿಯನ್ನೂ ತೆರೆಯಕೂಡದು, ಮುಗಿದ ಮೇಲೆ ತೆರೆಯಲೇಬೇಕು. ಗೆದ್ದರೂ ಸೋತರೂ, ಅಂದಿನ ಪದದ ಅಚ್ಚಿನ ಇತರ ಪದಗಳು ಯಾವುವು ಎಂದು ಹುಡುಕಿ, ತಮಗೆ ಗೊತ್ತಿರುವವು ಯಾವುವು, ಗೊತ್ತಿರಬಹುದಾದವು ಯಾವುವು, ಗೊತ್ತಿಲ್ಲದವು ಯಾವುವು ಎಂದು ಮೂರು ಪಾಲು ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪಲಕ್ ಶಾ ಮಾಡಿದ ಕೆಲಸವನ್ನೇ ಮಕ್ಕಳು ತಮ್ಮ ಮಟ್ಟದಲ್ಲಿ ಮಾಡಿದಂತಾಯಿತು. ಗೊತ್ತಿರಬಹುದಾದ ಪದಗಳ ನಡುವಣ ಪಾಲೇ ಅಮೂಲ್ಯವಾದದ್ದು. ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆಯಬೇಕಾದದ್ದು ಅದಕ್ಕಾಗಿಯೇ.

ನಮ್ಮ ಶಾಲೆಯ ಮಕ್ಕಳಿಗೆ ಆಟ ಕೊಡುವಾಗ ಎಚ್ಚರ ವಹಿಸಬೇಕಾದ ಸಂಗತಿ ಅಮೆರಿಕದ ಸ್ಪೆಲಿಂಗ್. ಹಾಸ್ಯಕ್ಕೆ ಬ್ರಿಟಿಷ್ ರೀತಿಯಲ್ಲಿ ಬರೆದರೆ ಆರು ಅಕ್ಷರ, ಅಮೆರಿಕದ ರೀತಿಯಲ್ಲಿ ಯು ಬಿಟ್ಟು ಐದು ಅಕ್ಷರ. ‘ಫೇವರ್’ 2022ರ ಜನವರಿಯಲ್ಲೂ ‘ಹ್ಯೂಮರ್’ ಫೆಬ್ರವರಿಯಲ್ಲೂ ಐದಕ್ಷರದ ರೂಪದಲ್ಲಿ ಉತ್ತರಗಳಾಗಿ ಬಂದಾಗ ಬ್ರಿಟನ್ನಿನಲ್ಲಿ ಬಹಳ ಮಂದಿ ಸಿಟ್ಟಾಗಿದ್ದರು. ಕಲರ್, ಲೇಬರ್, ಆನರ್ ಎಲ್ಲಕ್ಕೂ ಇದೇ ಮಾತು. ಅದೇ ವರ್ಷ ಮೇ ತಿಂಗಳಲ್ಲಿ ಬೇಸ್‌ಬಾಲ್ ಆಟದ ‘ಹೋಮರ್’ ಉತ್ತರವಾದಾಗ, ಅರ್ಥ ತಿಳಿಯದ ಜನ ನಿಘಂಟಿಗೆ ಮುಗಿಬಿದ್ದರು. ಕೇಂಬ್ರಿಜ್ ನಿಘಂಟು ಅದನ್ನೇ 2022ರ ವರ್ಷದ ಪದವೆಂದು ಘೋಷಿಸಿತು. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ಸ್ಪೆಲಿಂಗ್ ಅನುಸರಿಸುವುದರಿಂದ, ಯು ಬಿಟ್ಟುಹೋಗುವ ಇಂಥ ಪದಗಳನ್ನು ನೋಟ್‌ಬುಕ್ಕಿನಲ್ಲಿ ಎರಡೂ ರೂಪದಲ್ಲಿ ಬರೆಸಿ, ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂದು ಶಿಕ್ಷಕರು ಖಚಿತವಾಗಿ ಹೇಳಬೇಕು. ಆಟವನ್ನು ಕೊಂಡ ಮೇಲೆ ನ್ಯೂಯಾರ್ಕ್ ಟೈಮ್ಸ್ ನೋವುಂಟುಮಾಡುವ ಕೆಲವು ಪದಗಳನ್ನು ಉತ್ತರಪಟ್ಟಿಯಿಂದ ಕೈಬಿಟ್ಟಿತು. 2022ರ ನವೆಂಬರ್‌ನಿಂದ ಟ್ರೇಸಿ ಬೆನೆಟ್ ಎಂಬ ಸಂಪಾದಕರು ಪದಗಳ ಆಯ್ಕೆ ನೋಡಿಕೊಳ್ಳುತ್ತಿದ್ದಾರೆ. ಮಕ್ಕಳ ಕೈಗೆ ಕೊಡುವ ವಸ್ತುವಿನ ಹಿಂದೆ ಹೀಗೆ ಒಬ್ಬರ ಕಣ್ಣಿರುವುದು ನನಗೆ ನೆಮ್ಮದಿ ಕೊಡುತ್ತದೆ.

ಸ್ಕ್ರ್ಯಾಬಲ್ ಮಣೆಯನ್ನೇ ಕೊಳ್ಳಬಾರದೇ ಎಂದು ಕೆಲವು ಪಾಲಕರು ಕೇಳುತ್ತಾರೆ. ಒಳ್ಳೆಯ ಆಟ, ಸಂಶಯವಿಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಅದನ್ನು ರೂಪಿಸಿದರು. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು, ಕ್ಯೂ ಮತ್ತು ಝಡ್ ಒಂದೊಂದೇ. ಬಹುವಚನ ಸುಲಭವಾಗಿ ಬಂದು ಆಟ ಕೆಡಬಾರದೆಂದು ಎಸ್ ನಾಲ್ಕೇ. ಆದರೆ ಅಲ್ಲಿ ಸ್ಪೆಲಿಂಗ್ ಮೊದಲೇ ಬರಬೇಕು. ತಪ್ಪಿದರೆ ತಪ್ಪು ಎಂದಷ್ಟೇ ತಿಳಿಯುತ್ತದೆ, ಎಲ್ಲಿ ತಪ್ಪಿತು ಎಂದು ಮಣೆ ಹೇಳುವುದಿಲ್ಲ. ಒಂಬತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಗುವಿಗೆ ವರ್ಡಲ್ ಮೊದಲು, ಸ್ಕ್ರ್ಯಾಬಲ್ ಆಮೇಲೆ.

ನೆಟ್‌ವರ್ಕ್ ಬಗ್ಗೆ ಹೇಳದಿದ್ದರೆ ಉತ್ತರ ಕನ್ನಡದವರಿಗೆ ಬರೆದ ವಿಮರ್ಶೆ ಪೂರ್ತಿಯಾಗದು. ಪುಟ ತೆರೆಯುವಾಗ ಮಾತ್ರ ಸಿಗ್ನಲ್ ಬೇಕು. ತೆರೆದ ಮೇಲೆ ಆಟ ಹಗುರವಾಗಿಯೇ ನಡೆಯುತ್ತದೆ. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಅದೂ ಸಿಗದ ದಿನಗಳಿವೆ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಆಗ ಕರಿಹಲಗೆ ಸಾಕು. ಐದು ಮನೆಯ ಆರು ಸಾಲು ಗೆರೆ ಎಳೆದು, ಪದವನ್ನು ಶಿಕ್ಷಕರು ಮನಸ್ಸಿನಲ್ಲಿಟ್ಟುಕೊಂಡು, ಹಸಿರು ಮತ್ತು ಹಳದಿ ಸೀಮೆಸುಣ್ಣದಿಂದ ಮನೆಗಳನ್ನು ತುಂಬುತ್ತ ಹೋದರೆ ಇಡೀ ತರಗತಿ ಒಟ್ಟಿಗೇ ಆಡುತ್ತದೆ. ಸತ್ಯವಾಗಿ ಹೇಳುವುದಾದರೆ ಮೊಬೈಲಿಗಿಂತ ಹಲಗೆಯ ಆಟವೇ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಪದವನ್ನು ಪಾಠಕ್ಕೆ ತಕ್ಕಂತೆ ನಾವೇ ಆರಿಸಬಹುದು, ಪ್ರತಿಯೊಂದು ಊಹೆಯ ಕಾರಣವನ್ನು ಮಕ್ಕಳ ಬಾಯಿಂದ ಹೇಳಿಸಬಹುದು. ಹಸಿರು-ಹಳದಿ ಬಣ್ಣಗಳ ವ್ಯತ್ಯಾಸ ಗುರುತಿಸಲು ಕಷ್ಟಪಡುವ ಮಕ್ಕಳಿಗಾಗಿ ಮೊಬೈಲ್ ಆಟದಲ್ಲಿ ಕಿತ್ತಳೆ ಮತ್ತು ನೀಲಿ ಬಣ್ಣಗಳ ಆಯ್ಕೆಯಿದೆ. ಹಲಗೆಯ ಮೇಲೂ ಅವೇ ಬಣ್ಣದ ಸೀಮೆಸುಣ್ಣ ಬಳಸಬಹುದು.

ದಿನದ ಆಟಕ್ಕೆ ಹಣವಿಲ್ಲ. ಹಳೆಯ ಪದಗಳ ಭಂಡಾರ 2024ರಲ್ಲಿ ತೆರೆದಿದ್ದು ಚಂದಾದಾರರಿಗೆ ಮಾತ್ರ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಗೆ ಆ ಚಂದಾ ಅನಗತ್ಯವೆಂದೇ ನನ್ನ ತೀರ್ಮಾನ. ದಿನಕ್ಕೊಂದೇ ಪದ ಎಂಬ ಮಿತಿಯಿಂದಾಗಿ ಮಕ್ಕಳು ಮೊಬೈಲ್ ಕೆಳಗಿಟ್ಟು ನೋಟ್‌ಬುಕ್ ತೆರೆಯುತ್ತಾರೆ. ಆ ಮಿತಿಯನ್ನು ದುಡ್ಡು ಕೊಟ್ಟು ತೆಗೆಸುವ ಬದಲು ಅದೇ ದುಡ್ಡಿಗೆ ಒಂದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟನ್ನೂ ಎರಡು ಪೆಟ್ಟಿಗೆ ಬಣ್ಣದ ಸೀಮೆಸುಣ್ಣವನ್ನೂ ಕೊಂಡುಕೊಳ್ಳಿ.